ಸಕ್ಕರೆ ಅಂಟಿದ ಎಲ್‌ಡಿಎಲ್ ಕಣಗಳನ್ನು ಅಳೆಯುವುದು ಹೇಗೆ? ಅಳೆಸಬೇಕೇ?

ಪ್ರಶ್ನೆ: ನನಗೆ 56 ವರ್ಷ. ಕಾರ್ಕಳದಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದೇನೆ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ಕಳೆದ ತಿಂಗಳು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಾಗ ಒಟ್ಟು ಕೊಲೆಸ್ಟ್ರಾಲ್ 178, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 250, ಎಲ್‌ಡಿಎಲ್ 92 ಎಂದು ಬಂತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 8.2 ಇತ್ತು. ಆಗ ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೆ. ಎಲ್‌ಡಿಎಲ್ ನೂರರ ಒಳಗೆ ಬಂತೆಂದು ಅದನ್ನು ನಾನೇ ನಿಲ್ಲಿಸಿದ್ದೇನೆ. ಸಕ್ಕರೆ ಕಾಯಿಲೆ ಇಲ್ಲದ, ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ ನನ್ನ ತಮ್ಮನಿಗೂ ಎಲ್‌ಡಿಎಲ್ 92 ಬಂದಿದೆ. ಅವನ ಒಟ್ಟು ಕೊಲೆಸ್ಟ್ರಾಲ್ 164, ಎಚ್‌ಡಿಎಲ್ 52, ಟ್ರೈಗ್ಲಿಸರೈಡ್ 100. ರಕ್ತದ ಸಕ್ಕರೆ ಎಲ್‌ಡಿಎಲ್‌ಗೆ ಅಂಟಿಕೊಂಡರೆ ಅದು ಹೆಚ್ಚು ಅಪಾಯಕಾರಿ ಎಂದು ಓದಿದೆ. ಉಡುಪಿ ಮತ್ತು ಮಂಗಳೂರಿನ ಕೆಲವು ಲ್ಯಾಬುಗಳಲ್ಲಿ ವಿಚಾರಿಸಿದಾಗ ಆ ಪರೀಕ್ಷೆ ಇಲ್ಲ ಎಂದರು. ಅದನ್ನು ಹೇಗೆ ಅಳೆಯುತ್ತಾರೆ? ನಮ್ಮಲ್ಲಿ ಏಕೆ ಇಲ್ಲ? ರಕ್ತವನ್ನು ಹೊರಗೆ ಕಳುಹಿಸಿಯಾದರೂ ಮಾಡಿಸಬೇಕೇ?

ಉತ್ತರ: ರಕ್ತವನ್ನು ಹೊರಗೆ ಕಳುಹಿಸಿ ಈ ಪರೀಕ್ಷೆ ಮಾಡಿಸುವ ಅಗತ್ಯ ನಿಮಗಿಲ್ಲ. ಬಂದ ಸಂಖ್ಯೆಯನ್ನು ಯಾವುದರ ಜೊತೆ ಹೋಲಿಸಿ ಹೆಚ್ಚು ಅಥವಾ ಕಡಿಮೆ ಎನ್ನಬೇಕೆಂಬುದಕ್ಕೆ ಎಲ್ಲ ಪ್ರಯೋಗಾಲಯಗಳೂ ಒಪ್ಪಿದ ಮಾನದಂಡ ಇನ್ನೂ ಇಲ್ಲ. ಹಾಗಿರುವಾಗ ಆ ಸಂಖ್ಯೆಯನ್ನು ನೋಡಿ ನಿಮ್ಮ ವೈದ್ಯರು ಔಷಧದಲ್ಲಿ ಮಾಡಬಹುದಾದ ಬದಲಾವಣೆ ಏನೂ ಇರುವುದಿಲ್ಲ. ಆದರೆ ನಿಮ್ಮ ಪ್ರಶ್ನೆಯ ಒಳಗಿರುವ ಅನುಮಾನ ಸರಿಯಾದದ್ದು. 92 ಎಂಬ ಒಂದು ಸಂಖ್ಯೆ ನಿಮ್ಮ ರಕ್ತದ ಸ್ಥಿತಿಯನ್ನು ಪೂರ್ತಿಯಾಗಿ ಹೇಳುತ್ತಿಲ್ಲ, ಮತ್ತು ನಿಮ್ಮ 92ಕ್ಕೂ ನಿಮ್ಮ ತಮ್ಮನ 92ಕ್ಕೂ ದೊಡ್ಡ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಕಾಣಲು ಬೇಕಾದ ಅಂಕಿಗಳು ಬಹುಮಟ್ಟಿಗೆ ನಿಮ್ಮ ಕೈಯಲ್ಲಿರುವ ವರದಿಯಲ್ಲೇ ಇವೆ. ನೀವು ನಿಲ್ಲಿಸಿದ ಅಟೋರ್ವಾಸ್ಟಾಟಿನ್, ಅಂದರೆ ಕೊಲೆಸ್ಟ್ರಾಲ್ ತಗ್ಗಿಸುವ ಸ್ಟಾಟಿನ್ ಮಾತ್ರೆಯ ವಿಚಾರವನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಒಂದು ಮಾತು: ಅದನ್ನು ನಿಲ್ಲಿಸಿರುವುದನ್ನು ಇದೇ ವಾರ ನಿಮ್ಮ ವೈದ್ಯರಿಗೆ ತಿಳಿಸಿ.

ಮೊದಲಿಗೆ ಅಂಟುವುದು ಎಂದರೆ ಏನಾಗುತ್ತದೆ ಎಂಬುದನ್ನು ನೋಡೋಣ. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅದು ರಕ್ತದಲ್ಲಿ ಒಂಟಿಯಾಗಿ ಓಡಾಡಲಾರದು. ಕೊಬ್ಬು ಮತ್ತು ಪ್ರೋಟೀನು ಸೇರಿ ಆದ ಗೋಲಾಕಾರದ ಕಣಗಳ ಒಳಗೆ ಕುಳಿತು ಸಾಗುತ್ತದೆ. ಎಲ್‌ಡಿಎಲ್ ಅಂಥ ಒಂದು ಕಣ. ಅದರ ಅಡ್ಡಳತೆ ಸುಮಾರು 18ರಿಂದ 25 ನ್ಯಾನೋಮೀಟರ್. ಪ್ರತಿಯೊಂದು ಎಲ್‌ಡಿಎಲ್ ಕಣದ ಮೈಗೆ ಅಪೋಬಿ-100 ಎಂಬ ಒಂದೇ ಒಂದು ದೈತ್ಯ ಪ್ರೋಟೀನು ಸುತ್ತಿಕೊಂಡಿರುತ್ತದೆ. ಅದರಲ್ಲಿ 4536 ಅಮೈನೋ ಆಮ್ಲಗಳಿವೆ, ಅವುಗಳಲ್ಲಿ ಸುಮಾರು 350 ಲೈಸಿನ್‌ಗಳು. ಗ್ಲುಕೋಸ್ ಬಂದು ಕೂರುವುದು ಮುಖ್ಯವಾಗಿ ಈ ಲೈಸಿನ್‌ಗಳ ತುದಿಯಲ್ಲಿರುವ ಅಮೈನೋ ಗುಂಪಿನ ಮೇಲೆ. ಈ ಜೋಡಣೆಗೆ ಯಾವ ಕಿಣ್ವವೂ ಬೇಕಿಲ್ಲ; ಸಕ್ಕರೆಯ ಪ್ರಮಾಣ ಮತ್ತು ಅದರೊಡನೆ ಕಳೆದ ಸಮಯ, ಇವೆರಡೇ ಸಾಕು. ಆರಂಭದ ಜೋಡಣೆ ಸಡಿಲವಾಗಿರುತ್ತದೆ, ಸಕ್ಕರೆ ಇಳಿದರೆ ಬಿಟ್ಟೂ ಹೋಗುತ್ತದೆ. ಕ್ರಮೇಣ ಅಣುವಿನ ಒಳರಚನೆ ಬದಲಾಗಿ ಅದು ಗಟ್ಟಿಯಾಗುತ್ತದೆ, ಆಮೇಲೆ ಸುಲಭಕ್ಕೆ ಕಳಚುವುದಿಲ್ಲ. ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವಿನ ಈ ಬಗೆಯ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮೈಲಾರ್ 1912ರಲ್ಲೇ ವಿವರಿಸಿದ್ದರು. ನಿಮಗೆ ಪರಿಚಿತವಾದ ಎಚ್‌ಬಿಎ1ಸಿ ಪರೀಕ್ಷೆಯೂ ಇದೇ ಕ್ರಿಯೆಯನ್ನು ಹಿಮೋಗ್ಲೋಬಿನ್ ಮೇಲೆ ಅಳೆಯುತ್ತದೆ.

ಇದರಿಂದ ಕೆಡುಕು ಹೇಗೆ? ಎಲ್‌ಡಿಎಲ್ ಕಣವು ರಕ್ತದಿಂದ ಹೊರಹೋಗಬೇಕಾದರೆ ಮುಖ್ಯವಾಗಿ ಯಕೃತ್ತಿನ ಜೀವಕೋಶಗಳ ಮೇಲಿರುವ ಎಲ್‌ಡಿಎಲ್ ಗ್ರಾಹಕಗಳು ಅದರ ಅಪೋಬಿಯನ್ನು ಗುರುತಿಸಿ ಹಿಡಿಯಬೇಕು. ಈ ಗ್ರಾಹಕಗಳನ್ನು ಕಂಡುಹಿಡಿದು ವಿವರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಪ್ರಶಸ್ತಿ ಬಂತು. ಹಿಡಿಯುವ ಜಾಗದ ಲೈಸಿನ್‌ಗಳ ಮೇಲೆ ಸಕ್ಕರೆ ಕೂತರೆ ಹಿಡಿತ ದುರ್ಬಲವಾಗುತ್ತದೆ, ಕಣ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಆಕ್ಸಿಡೀಕರಣಕ್ಕೆ ಬೇಗ ಒಳಗಾಗುತ್ತದೆ. ಕೊನೆಗೆ ರಕ್ತನಾಳದ ಗೋಡೆಯೊಳಗಿನ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಅದನ್ನು ಬೇರೊಂದು ಬಗೆಯ ಗ್ರಾಹಕಗಳ ಮೂಲಕ ಮಿತಿಯಿಲ್ಲದೆ ನುಂಗಿ ಕೊಬ್ಬು ತುಂಬಿದ ಕೋಶಗಳಾಗಿ ಮಾರ್ಪಡುತ್ತವೆ. ರಕ್ತನಾಳ ಕಟ್ಟಿಕೊಳ್ಳುವ ಪ್ರಕ್ರಿಯೆಯ ಆರಂಭ ಅದು. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಈ ವಿಷಯದ ಎಷ್ಟೋ ಪ್ರಯೋಗಗಳಲ್ಲಿ ಎಲ್‌ಡಿಎಲ್ ಅನ್ನು ಮನುಷ್ಯರ ರಕ್ತದಲ್ಲಿ ಎಂದೂ ಇರದಷ್ಟು ಗಾಢವಾದ ಗ್ಲುಕೋಸ್ ದ್ರಾವಣದಲ್ಲಿ ದಿನಗಟ್ಟಲೆ ಇಟ್ಟು, ಆಮೇಲೆ ಅದರ ವರ್ತನೆಯನ್ನು ನೋಡಲಾಗಿದೆ. ರೋಗಿಯ ರಕ್ತದಲ್ಲಿ ತಾನಾಗಿ ಆಗುವ ಬದಲಾವಣೆ ಅದಕ್ಕಿಂತ ಬಹಳ ಸೌಮ್ಯ. ಎಲ್‌ಡಿಎಲ್ ಕಣ ರಕ್ತದಲ್ಲಿ ಇರುವುದೇ ಸುಮಾರು ಎರಡು ಮೂರು ದಿನ, ಹಿಮೋಗ್ಲೋಬಿನ್ ಹೊತ್ತ ಕೆಂಪು ರಕ್ತಕಣಕ್ಕೆ ಸಿಗುವಂತೆ 120 ದಿನ ಅಲ್ಲ. ಹಾಗಾಗಿ ನೀವು ಓದಿದ್ದು ಸುಳ್ಳಲ್ಲ, ಆದರೆ ಪ್ರಯೋಗಾಲಯದ ನಳಿಕೆಯಲ್ಲಿ ಕಂಡದ್ದನ್ನು ಅದೇ ತೀವ್ರತೆಯಲ್ಲಿ ದೇಹಕ್ಕೆ ಹೊರಿಸುವುದು ಸರಿಯಲ್ಲ.

ಈಗ ಅಳೆಯುವ ವಿಧಾನಗಳು. ಹಳೆಯದೂ ಹೆಚ್ಚು ನೆಚ್ಚಿಕೆಯದೂ ಆದ ಒಂದು ದಾರಿ ಬೋರೋನೇಟ್ ಅಂಕಣ. ಬೆರಳುದ್ದದ ಒಂದು ಕೊಳವೆಯೊಳಗೆ ಜೆಲ್ ಮಣಿಗಳನ್ನು ತುಂಬಿರುತ್ತಾರೆ. ಮಣಿಗಳ ಮೈಗೆ ಬೋರಾನ್ ಇರುವ ಒಂದು ಆಮ್ಲವನ್ನು ಕೂರಿಸಿರುತ್ತಾರೆ. ಪಿಎಚ್ ಸುಮಾರು 8.5ರಷ್ಟು ಕ್ಷಾರೀಯವಾದ ದ್ರಾವಣದಲ್ಲಿ ಈ ಬೋರಾನ್, ಸಕ್ಕರೆಯಲ್ಲಿ ಅಕ್ಕಪಕ್ಕ ಒಂದೇ ಕಡೆಗೆ ಮುಖಮಾಡಿದ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನು ಹಿಡಿದುಕೊಳ್ಳುತ್ತದೆ. ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು, ಇಲ್ಲವೇ ಅದರಿಂದ ಬೇರ್ಪಡಿಸಿದ ಎಲ್‌ಡಿಎಲ್ ಅನ್ನು, ಮೇಲಿಂದ ಹರಿಸಿದಾಗ ಸಕ್ಕರೆ ಅಂಟದ ಕಣಗಳು ನೇರವಾಗಿ ಕೆಳಗೆ ಇಳಿದುಹೋಗುತ್ತವೆ, ಅಂಟಿದವು ಅಂಕಣದಲ್ಲೇ ನಿಲ್ಲುತ್ತವೆ. ಚೆನ್ನಾಗಿ ತೊಳೆದ ಮೇಲೆ ಸಾರ್ಬಿಟಾಲ್ ಬೆರೆಸಿದ ದ್ರಾವಣವನ್ನು ಹರಿಸುತ್ತಾರೆ. ಸಾರ್ಬಿಟಾಲ್ ತಾನೇ ಬೋರಾನನ್ನು ಗಟ್ಟಿಯಾಗಿ ಹಿಡಿಯುವುದರಿಂದ ನಿಂತಿದ್ದ ಕಣಗಳು ಬಿಡುಗಡೆಯಾಗಿ ಇಳಿದುಬರುತ್ತವೆ. ಎರಡೂ ಪಾಲುಗಳಲ್ಲಿ ಅಪೋಬಿ ಎಷ್ಟಿದೆ ಎಂದು ಅಳೆದರೆ ಒಟ್ಟು ಕಣಗಳಲ್ಲಿ ಸಕ್ಕರೆ ಅಂಟಿದವು ಶೇಕಡಾ ಎಷ್ಟು ಎಂಬುದು ಸಿಗುತ್ತದೆ.

ಕೇಳಲು ಸರಳವಾಗಿರುವ ಈ ವಿಧಾನದಲ್ಲಿ ಒಂದು ತೊಡಕಿದೆ, ಮತ್ತು ಹೊರಗಿನವರು ಅದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಪೋಬಿ ಹುಟ್ಟುವಾಗಲೇ ಯಕೃತ್ತು ಅದಕ್ಕೆ ಕಿಣ್ವಗಳ ಸಹಾಯದಿಂದ ಹಲವು ಜಾಗಗಳಲ್ಲಿ ಸಕ್ಕರೆಯ ಸರಪಣಿಗಳನ್ನು ಜೋಡಿಸಿ ಕಳುಹಿಸುತ್ತದೆ. ಇವು ಆರೋಗ್ಯವಂತರ ಎಲ್‌ಡಿಎಲ್‌ನಲ್ಲೂ ಇರುತ್ತವೆ, ರಕ್ತದ ಗ್ಲುಕೋಸ್‌ಗೂ ಇವಕ್ಕೂ ಸಂಬಂಧವಿಲ್ಲ. ಅವುಗಳಲ್ಲಿರುವ ಮ್ಯಾನೋಸ್, ಗ್ಯಾಲಕ್ಟೋಸ್‌ಗಳಲ್ಲೂ ಬೋರಾನ್ ಹಿಡಿಯಬಲ್ಲ ಜೋಡಿ ಹೈಡ್ರಾಕ್ಸಿಲ್‌ಗಳಿವೆ. ಪಿಎಚ್, ಉಪ್ಪಿನಂಶ, ತೊಳೆಯುವ ದ್ರಾವಣದ ಪ್ರಮಾಣ ಇವುಗಳಲ್ಲಿ ಸ್ವಲ್ಪ ಏರುಪೇರಾದರೂ ಯಾವ ಕಣ ನಿಲ್ಲುತ್ತದೆ, ಯಾವುದು ಇಳಿಯುತ್ತದೆ ಎಂಬುದು ಬದಲಾಗುತ್ತದೆ. ಅಲ್ಲದೆ ಒಂದು ಸಕ್ಕರೆ ಅಂಟಿದ ಕಣಕ್ಕೂ ಹತ್ತು ಅಂಟಿದ ಕಣಕ್ಕೂ ಅಂಕಣ ಭೇದ ಮಾಡದೆ, ಎರಡನ್ನೂ ಅಂಟಿದ ಕಣವೆಂದೇ ಎಣಿಸಬಹುದು.

ಎರಡನೆಯ ದಾರಿ ಎಲೈಸಾ. ಸಕ್ಕರೆ ಅಂಟಿದ ಅಪೋಬಿಯನ್ನು ಮಾತ್ರ ಗುರುತಿಸುವ ಪ್ರತಿಕಾಯವನ್ನು ಬಳಸಿ, ಬಣ್ಣದ ತೀವ್ರತೆಯಿಂದ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಒಂದೇ ತಟ್ಟೆಯಲ್ಲಿ ಹತ್ತಾರು ರೋಗಿಗಳ ಮಾದರಿಗಳನ್ನು ನೋಡಬಹುದಾದ್ದರಿಂದ ಸಂಶೋಧನೆಗಳಲ್ಲಿ ಇದರ ಬಳಕೆ ಹೆಚ್ಚು. ಆದರೆ ಪ್ರತಿಕಾಯ ಗುರುತಿಸುವುದು ಸುಮಾರು 350 ಲೈಸಿನ್‌ಗಳ ಪೈಕಿ ಯಾವುದೋ ಕೆಲವು ಜಾಗಗಳನ್ನು. ಬೇರೆ ಕಂಪನಿಯ ಕಿಟ್‌ನ ಪ್ರತಿಕಾಯ ಬೇರೆ ಜಾಗವನ್ನು ಗುರುತಿಸಬಹುದು. ಹೋಲಿಕೆಗೆಂದು ಕಿಟ್‌ನಲ್ಲಿ ಕೊಡುವ ಮಾದರಿಯೂ ತಯಾರಕರು ತಮ್ಮದೇ ರೀತಿಯಲ್ಲಿ ಗ್ಲುಕೋಸ್‌ನಲ್ಲಿ ನೆನೆಸಿಟ್ಟು ಮಾಡಿಕೊಂಡ ಎಲ್‌ಡಿಎಲ್. ಹಾಗಾಗಿ ಒಂದು ಕಿಟ್‌ನ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದುವುದು ಸಾಧ್ಯವಿಲ್ಲ.

ಮೂರನೆಯದು, ಅತ್ಯಂತ ನಿಖರವಾದದ್ದು, ಮಾಸ್ ಸ್ಪೆಕ್ಟ್ರೋಮೆಟ್ರಿ. ಪ್ಲಾಸ್ಮಾಕ್ಕೆ ಪೊಟ್ಯಾಸಿಯಂ ಬ್ರೋಮೈಡ್ ಬೆರೆಸಿ ಸಾಂದ್ರತೆಯನ್ನು ಹೊಂದಿಸಿ, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ಗಂಟೆಗಟ್ಟಲೆ ತಿರುಗಿಸಿದರೆ, 1.019ರಿಂದ 1.063 ಸಾಂದ್ರತೆಯ ಎಲ್‌ಡಿಎಲ್ ಕೊಳವೆಯಲ್ಲಿ ಕಿತ್ತಳೆ ಮಿಶ್ರಿತ ಹಳದಿ ಬಣ್ಣದ ತೆಳುವಾದ ಪಟ್ಟಿಯಾಗಿ ನಿಲ್ಲುತ್ತದೆ. ಆ ಬಣ್ಣ ಕಣದೊಳಗೆ ಕರಗಿರುವ ಕ್ಯಾರೊಟಿನಾಯ್ಡ್‌ಗಳದ್ದು. ಪಟ್ಟಿಯನ್ನು ಸಿರಿಂಜಿನಿಂದ ಜೋಪಾನವಾಗಿ ಎಳೆದುಕೊಂಡು, ಪ್ರೋಟೀನನ್ನು ಕಿಣ್ವಗಳಿಂದ ತುಂಡರಿಸಿ, ಸಕ್ಕರೆ ಕೂತ ಲೈಸಿನ್‌ಗಳನ್ನು ಯಂತ್ರದಲ್ಲಿ ತೂಕದ ಆಧಾರದಲ್ಲಿ ಎಣಿಸುತ್ತಾರೆ. ಒಬ್ಬ ರೋಗಿಯ ಒಂದು ಮಾದರಿಗೆ ಇಷ್ಟೆಲ್ಲ ಮಾಡಬೇಕಾಗುವುದರಿಂದ ದಿನಕ್ಕೆ ನೂರಾರು ಮಾದರಿ ನೋಡುವ ಆಸ್ಪತ್ರೆಯ ಲ್ಯಾಬಿಗೆ ಇದು ಒಗ್ಗುವ ಕೆಲಸವಲ್ಲ. ಆದರೂ ಈ ವಿಧಾನದಿಂದಲೇ ತಿಳಿದ ಒಂದು ಸಂಗತಿ ಬಹಳ ಮುಖ್ಯವಾದದ್ದು. ಗ್ಲುಕೋಸ್ ಒಡೆಯುವಾಗ ದೇಹದಲ್ಲಿ ಮೀಥೈಲ್‌ಗ್ಲಯಾಕ್ಸಾಲ್ ಎಂಬ ಸಣ್ಣ, ಗ್ಲುಕೋಸ್‌ಗಿಂತ ಬಹುಪಟ್ಟು ಚುರುಕಾದ ಅಣು ಹುಟ್ಟುತ್ತದೆ. ಅದು ಲೈಸಿನ್‌ಗಿಂತ ಹೆಚ್ಚಾಗಿ ಆರ್ಜಿನಿನ್ ಮೇಲೆ ಕೂರುತ್ತದೆ. ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ನೈಲಾ ರಬ್ಬಾನಿ ಮತ್ತು ಪಾಲ್ ಥಾರ್ನಲಿ ಅವರ ತಂಡ 2011ರಲ್ಲಿ, ಹೀಗೆ ಬದಲಾದ ಎಲ್‌ಡಿಎಲ್ ಕಣ ಕುಗ್ಗಿ ಸಣ್ಣದಾಗುತ್ತದೆ ಮತ್ತು ರಕ್ತನಾಳದ ಗೋಡೆಗೆ ಹೆಚ್ಚು ಅಂಟಿಕೊಳ್ಳುತ್ತದೆ ಎಂದು ತೋರಿಸಿತು. ಬೋರೋನೇಟ್ ಅಂಕಣಕ್ಕಾಗಲಿ, ಗ್ಲುಕೋಸ್ ಕೂತ ಲೈಸಿನ್‌ಗೆಂದು ತಯಾರಿಸಿದ ಪ್ರತಿಕಾಯಕ್ಕಾಗಲಿ ಈ ಬದಲಾವಣೆ ಕಾಣಿಸುವುದೇ ಇಲ್ಲ. ಅಂದರೆ ಅಪಾಯಕಾರಿಯಾದ ಒಂದು ಬಗೆ, ಸುಲಭವಾದ ಎರಡೂ ಪರೀಕ್ಷೆಗಳ ಕಣ್ತಪ್ಪಿಸುತ್ತದೆ.

ಫ್ರಕ್ಟೋಸಮೈನ್ ಎಂಬ ಪರೀಕ್ಷೆ ಕೆಲವು ಲ್ಯಾಬುಗಳ ಪಟ್ಟಿಯಲ್ಲಿದೆ. ಅದನ್ನೇ ಇದರ ಬದಲಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ರಕ್ತದ ದ್ರವಭಾಗವಾದ ಸೀರಮ್‌ನ ಎಲ್ಲ ಪ್ರೋಟೀನುಗಳಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿದ ಸಕ್ಕರೆಯ ಅಳತೆ. ಹಿಂದಿನ ಎರಡು ಮೂರು ವಾರಗಳ ಸಕ್ಕರೆಯ ಮಟ್ಟವನ್ನು ಹೇಳುತ್ತದೆ. ರಕ್ತಹೀನತೆಯಿಂದಾಗಿ ಎಚ್‌ಬಿಎ1ಸಿಯನ್ನು ನಂಬಲಾಗದ ರೋಗಿಗಳಿಗೆ ಅದರಿಂದ ಉಪಯೋಗವಿದೆ.

ನಮ್ಮಲ್ಲಿ ಏಕಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಯಂತ್ರದ ಕೊರತೆ ಅಥವಾ ತಜ್ಞರ ಕೊರತೆ ಎಂದು ನಾನು ಹೇಳಲಾರೆ. 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮಣಿಪಾಲವೂ, ಅಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ ಮಂಗಳೂರೂ ನಿಮ್ಮಿಂದ ದೂರವಿಲ್ಲ. ಕಾರಣ ಮಾನದಂಡದ ಅಭಾವ. ಎಚ್‌ಬಿಎ1ಸಿಯ ಇತಿಹಾಸವನ್ನು ನೋಡಿದರೆ ಇದು ಅರ್ಥವಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಹಿಮೋಗ್ಲೋಬಿನ್‌ನ ಈ ರೂಪ ಹೆಚ್ಚಿರುವುದನ್ನು ಇರಾನಿನ ಸ್ಯಾಮ್ಯುಯೆಲ್ ರಹಬರ್ ಗಮನಿಸಿದ್ದು 1968ರಲ್ಲಿ. ಅದರ ಮಟ್ಟ ತಗ್ಗಿಸಿದರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ತಗ್ಗುತ್ತದೆ ಎಂದು ಅಮೆರಿಕ ಮತ್ತು ಕೆನಡಾದ ದೊಡ್ಡ ಅಧ್ಯಯನವೊಂದು ಸಾಬೀತುಪಡಿಸಿದ್ದು 1993ರಲ್ಲಿ. ಲ್ಯಾಬುಗಳ ಅಂಕಿಗಳನ್ನು ಆ ಅಧ್ಯಯನದ ಅಂಕಿಗೆ ಸರಿಹೊಂದಿಸುವ ಕಾರ್ಯಕ್ರಮ ಅಮೆರಿಕದಲ್ಲಿ ಶುರುವಾದದ್ದು 1996ರಲ್ಲಿ. ಅಂತರರಾಷ್ಟ್ರೀಯ ಆಧಾರ ವಿಧಾನ ಪ್ರಕಟವಾದದ್ದು 2002ರಲ್ಲಿ. ಅದೂ ಸಾಧ್ಯವಾದದ್ದು ಎಚ್‌ಬಿಎ1ಸಿಯನ್ನು ಒಂದೇ ಒಂದು ಜಾಗಕ್ಕೆ, ಹಿಮೋಗ್ಲೋಬಿನ್‌ನ ಬೀಟಾ ಸರಪಣಿಯ ಮೊದಲ ಅಮೈನೋ ಆಮ್ಲವಾದ ವ್ಯಾಲಿನ್‌ಗೆ, ಅಂಟಿದ ಸಕ್ಕರೆ ಎಂದು ನಿಖರವಾಗಿ ಗೊತ್ತುಪಡಿಸಿದ್ದರಿಂದ. ಅಪೋಬಿಯಲ್ಲಿ ಅಂಥ ಒಂದು ಜಾಗವನ್ನು ಎಲ್ಲರೂ ಒಪ್ಪಿ ಆರಿಸಿಕೊಂಡಿಲ್ಲ. ಯಾವುದನ್ನು ಅಳೆಯುತ್ತಿದ್ದೇವೆ ಎಂಬುದೇ ಲ್ಯಾಬಿನಿಂದ ಲ್ಯಾಬಿಗೆ ಬೇರೆಯಾಗಿರುವಾಗ, ರೋಗಿಯ ಕೈಗೆ ವರದಿ ಕೊಡುವುದು ಜವಾಬ್ದಾರಿಯ ಕೆಲಸವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮಗೆ ಇಲ್ಲ ಎಂದ ಲ್ಯಾಬಿನವರು ಸರಿಯಾಗಿಯೇ ನಡೆದುಕೊಂಡಿದ್ದಾರೆ.

ರಕ್ತವನ್ನು ದೂರ ಕಳುಹಿಸುವುದರಲ್ಲೂ ಒಂದು ಕಷ್ಟವಿದೆ. ನಳಿಕೆಗೆ ಬಂದ ಮೇಲೂ ಗ್ಲುಕೋಸ್ ಮತ್ತು ಎಲ್‌ಡಿಎಲ್ ಒಂದೇ ದ್ರವದಲ್ಲಿ ಇರುತ್ತವೆ. ಬೆಚ್ಚಗಿದ್ದಷ್ಟು ಹೊತ್ತು ಅಂಟುವ ಕ್ರಿಯೆಯೂ ಆಕ್ಸಿಡೀಕರಣವೂ ನಡೆಯುತ್ತಲೇ ಇರುತ್ತವೆ. ಬೈಂದೂರಿನಲ್ಲೋ ಬೆಳ್ತಂಗಡಿಯಲ್ಲೋ ಬೆಳಿಗ್ಗೆ ತೆಗೆದ ರಕ್ತ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕಿನ ಜೊತೆ ಬೈಕಿನಲ್ಲೋ ಬಸ್ಸಿನಲ್ಲೋ ಮಂಗಳೂರಿಗೆ ಬರುತ್ತದೆ. ಮೇ ತಿಂಗಳ ಸೆಖೆಯಲ್ಲಿ ಆ ಐಸ್ ಪ್ಯಾಕು ದಾರಿಯಲ್ಲೇ ಕರಗಿ, ಪೆಟ್ಟಿಗೆ ತೆರೆದಾಗ ನಳಿಕೆಗಳು ಕೈಗೆ ಬೆಚ್ಚಗೆ ತಾಗುವುದುಂಟು. ಸಾಮಾನ್ಯ ಲಿಪಿಡ್ ಪರೀಕ್ಷೆಗೆ ಅದರಿಂದ ಅಷ್ಟೇನೂ ತೊಂದರೆಯಾಗದು, ಈ ಪರೀಕ್ಷೆಗೆ ಆಗುತ್ತದೆ. ರಕ್ತ ಗರಣೆಗಟ್ಟದಂತೆ ತಡೆಯುವ ಇಡಿಟಿಎ ಇರುವ ನಳಿಕೆಯಲ್ಲಿ ತೆಗೆದು, ತಣ್ಣಗಿಟ್ಟು, ತಡಮಾಡದೆ ಪ್ಲಾಸ್ಮಾ ಬೇರ್ಪಡಿಸಬೇಕು. ಅತಿ ತಂಪಿನಲ್ಲಿ ಹೆಪ್ಪುಗಟ್ಟಿಸಿ (ಫ್ರೀಜ್ ಮಾಡಿ) ಕಳುಹಿಸೋಣವೆಂದರೆ ಬೇರ್ಪಡಿಸಿದ ಎಲ್‌ಡಿಎಲ್ ಕಣಗಳು ಹೆಪ್ಪುಗಟ್ಟಿ ಕರಗುವಾಗ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಅದನ್ನು ತಡೆಯಲು ಸುಕ್ರೋಸ್ ಬೆರೆಸುತ್ತಾರೆ. ಸುಕ್ರೋಸ್, ಅಂದರೆ ನಿಮ್ಮ ಅಂಗಡಿಯಲ್ಲಿ ಮಾರುವ ಸಕ್ಕರೆಯೇ, ಪ್ರೋಟೀನಿಗೆ ಅಂಟುವ ಗುಣದ್ದಲ್ಲ. ಆ ಗುಣ ಗ್ಲುಕೋಸಿನಂಥ ಅಪಕರ್ಷಕ ಸಕ್ಕರೆಗಳದ್ದು.

ಇನ್ನು ಅಂಕಿಯನ್ನು ಓದುವ ರೀತಿ. ನನಗೆ ಇಡೀ ವಿಷಯದ ತಿರುಳು ಇಲ್ಲಿದೆ ಎನಿಸುತ್ತದೆ. ಸಕ್ಕರೆ ಅಂಟಿದ ಎಲ್‌ಡಿಎಲ್ ಅನ್ನು ಎರಡು ರೀತಿಯಲ್ಲಿ ಹೇಳಬಹುದು: ಒಟ್ಟು ಕಣಗಳಲ್ಲಿ ಶೇಕಡಾ ಎಷ್ಟು ಎಂದು, ಇಲ್ಲವೇ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂದು. ಶೇಕಡಾವಾರು ಲೆಕ್ಕ ಸಕ್ಕರೆಯ ಮಟ್ಟವನ್ನೂ ಕಣ ರಕ್ತದಲ್ಲಿ ಉಳಿದ ಅವಧಿಯನ್ನೂ ಅವಲಂಬಿಸಿದೆ. ಆದರೆ ರಕ್ತನಾಳದ ಗೋಡೆಗೆ ಬಡಿಯುವುದು ಶೇಕಡಾ ಅಲ್ಲ, ಕಣಗಳು. ಒಬ್ಬರ ಶೇಕಡಾವಾರು ಇನ್ನೊಬ್ಬರಷ್ಟೇ ಇದ್ದರೂ ಒಟ್ಟು ಕಣಗಳ ಸಂಖ್ಯೆ ಎರಡು ಪಟ್ಟು ಇದ್ದರೆ ಅಂಟಿದ ಕಣಗಳೂ ಎರಡು ಪಟ್ಟು ಇರುತ್ತವೆ. ಕಣಗಳ ಒಟ್ಟು ಸಂಖ್ಯೆಯನ್ನು ತಗ್ಗಿಸಿದರೆ ಅಂಟಿದವೂ ತಗ್ಗುತ್ತವೆ. ಸ್ಟಾಟಿನ್ ಮಾಡುವುದು ಇದನ್ನೇ: ಅದು ಯಕೃತ್ತಿನ ಮೇಲಿನ ಎಲ್‌ಡಿಎಲ್ ಗ್ರಾಹಕಗಳನ್ನು ಹೆಚ್ಚಿಸಿ ಕಣಗಳನ್ನು ಬೇಗ ಹೊರಗೆಳೆಯುತ್ತದೆ, ಸಕ್ಕರೆಯೊಡನೆ ಅವು ಕಳೆಯುವ ಸಮಯವೂ ಕಡಿಮೆಯಾಗುತ್ತದೆ. ಮ್ಯಾಂಚೆಸ್ಟರ್‌ನ ಸಂಶೋಧಕರು ಅಳೆದು ನೋಡಿದಾಗ ಸಕ್ಕರೆ ಹೆಚ್ಚಾಗಿ ಅಂಟಿದ್ದು ಸಣ್ಣ, ದಟ್ಟ ಎಲ್‌ಡಿಎಲ್ ಕಣಗಳಿಗೆ ಎಂಬುದೂ ಕಂಡುಬಂತು. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಅಂಟಿದ ಕಣಗಳು ಸ್ವಲ್ಪಮಟ್ಟಿಗೆ ಇದ್ದವು. ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಉಂಟಾಗುವುದು ಈ ಸಣ್ಣ ಕಣಗಳೇ.

ಈಗ ನಿಮ್ಮ ವರದಿಗೆ ಬರೋಣ. ನಿಮ್ಮ 92ನ್ನು ಲ್ಯಾಬಿನವರು ನೇರವಾಗಿ ಅಳೆದಿಲ್ಲ, ಲೆಕ್ಕ ಹಾಕಿದ್ದಾರೆ ಎಂಬುದು ಅಂಕಿಗಳಿಂದಲೇ ಗೊತ್ತಾಗುತ್ತದೆ: 178ರಿಂದ ಎಚ್‌ಡಿಎಲ್ 36ನ್ನೂ, ಟ್ರೈಗ್ಲಿಸರೈಡ್‌ನ ಐದನೇ ಒಂದು ಪಾಲಾದ 50ನ್ನೂ ಕಳೆದರೆ 92. ಇದು 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರ. ಟ್ರೈಗ್ಲಿಸರೈಡ್ 400 ದಾಟಿದರೆ ಇದನ್ನು ಬಳಸಲೇಬಾರದು. ಅದಕ್ಕಿಂತ ಕೆಳಗೆ, 250ರ ಆಸುಪಾಸಿನಲ್ಲೂ ನಿಜವಾದ ಎಲ್‌ಡಿಎಲ್‌ಗಿಂತ ಕಡಿಮೆ ತೋರಿಸುವ ಪ್ರವೃತ್ತಿ ಇದಕ್ಕಿದೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಒಂದನ್ನೇ ಕಳೆಯಿರಿ. ನಿಮಗೆ 142 ಸಿಗುತ್ತದೆ, ನಿಮ್ಮ ತಮ್ಮನಿಗೆ 112. ಇದನ್ನು ನಾನ್-ಎಚ್‌ಡಿಎಲ್ ಕೊಲೆಸ್ಟ್ರಾಲ್ ಎನ್ನುತ್ತಾರೆ. ಅಪೋಬಿ ಹೊತ್ತ ಎಲ್ಲ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಸೇರಿರುತ್ತದೆ. ಎಲ್‌ಡಿಎಲ್ ಒಂದೇ ಆಗಿದ್ದರೂ ನಿಮ್ಮಿಬ್ಬರ ನಡುವೆ 30ರ ಅಂತರವಿದೆ.

ಕಣಗಳ ಸಂಖ್ಯೆಯಲ್ಲಿ ಈ ಅಂತರ ಇನ್ನೂ ಹೆಚ್ಚಿರುವ ಸಾಧ್ಯತೆಯಿದೆ. ಒಂದೇ ತೂಕದ ಅಡಿಕೆಯನ್ನು ದೊಡ್ಡ ಗೋಣಿಗಳಲ್ಲಿ ತುಂಬಿದರೆ ಗೋಣಿ ಕಡಿಮೆ ಸಾಕು, ಸಣ್ಣ ಚೀಲಗಳಲ್ಲಿ ತುಂಬಿದರೆ ಚೀಲ ಹೆಚ್ಚು ಬೇಕು. ಕೊಲೆಸ್ಟ್ರಾಲ್ ಪರೀಕ್ಷೆ ಹೇಳುವುದು ಅಡಿಕೆಯ ತೂಕವನ್ನು, ಚೀಲಗಳ ಲೆಕ್ಕವನ್ನಲ್ಲ. ಟ್ರೈಗ್ಲಿಸರೈಡ್ 250, ಎಚ್‌ಡಿಎಲ್ 36 ಇರುವ ನಿಮ್ಮ ರಕ್ತದಲ್ಲಿ ಸಣ್ಣ ಕಣಗಳೇ ಜಾಸ್ತಿ ಇರುವ ಸಂಭವವಿದೆ. ಅದರ ಮೇಲೆ ಎಚ್‌ಬಿಎ1ಸಿ ಶೇ. 8.2 ಎಂದರೆ, ಒಪ್ಪಿತ ಸಮೀಕರಣದ ಪ್ರಕಾರ, ರಕ್ತದ ಸರಾಸರಿ ಸಕ್ಕರೆ ಸುಮಾರು 189. ಹೆಚ್ಚು ಕಣಗಳು, ಅದರಲ್ಲೂ ಸಕ್ಕರೆ ಬೇಗ ಅಂಟುವ ಸಣ್ಣ ಕಣಗಳು, ಮತ್ತು ಅಂಟಲು ಬೇಕಾದಷ್ಟು ಸಕ್ಕರೆ: ಈ ಮೂರೂ ನಿಮ್ಮಲ್ಲಿ ಒಟ್ಟಿಗೆ ಇವೆ. ಸಕ್ಕರೆ ಅಂಟಿದ ಎಲ್‌ಡಿಎಲ್ ನಿಮ್ಮಲ್ಲಿ ನಿಮ್ಮ ತಮ್ಮನಿಗಿಂತ ಹೆಚ್ಚಿರುತ್ತದೆ ಎಂದು ತಿಳಿಯಲು ಬೋರೋನೇಟ್ ಅಂಕಣ ಬೇಕಾಗಿಲ್ಲ.

ನಿಜವಾಗಿಯೂ ಒಂದು ಪರೀಕ್ಷೆಗೆ ಹಣ ಕೊಡಬೇಕೆಂದಿದ್ದರೆ ಅಪೋಬಿ ಮಾಡಿಸಿ. ಒಂದು ಕಣಕ್ಕೆ ಒಂದೇ ಅಪೋಬಿ ಇರುವುದರಿಂದ ಅದು ಕಣಗಳ ಎಣಿಕೆಯೇ. ಸೀರಮ್‌ಗೆ ಅಪೋಬಿಯ ಪ್ರತಿಕಾಯ ಸೇರಿಸಿ, ಎಷ್ಟು ಕದಡುತ್ತದೆಂದು ಬೆಳಕು ಹಾಯಿಸಿ ನೋಡುವ ಈ ಪರೀಕ್ಷೆಗೆ ಅಂತರರಾಷ್ಟ್ರೀಯ ಆಧಾರ ಮಾದರಿ ಇದೆ, ಖಾಲಿ ಹೊಟ್ಟೆಯ ಅಗತ್ಯವಿಲ್ಲ, ಟ್ರೈಗ್ಲಿಸರೈಡ್ ಹೆಚ್ಚಿದ್ದರೂ ಎಲ್‌ಡಿಎಲ್ ಸೂತ್ರದಂತೆ ತಪ್ಪುವುದಿಲ್ಲ. ಲ್ಯಾಬಿನಲ್ಲಿ ವಿಚಾರಿಸುವಾಗ ಅಪೊಲಿಪೋಪ್ರೋಟೀನ್ ಬಿ ಎಂದು ಪೂರ್ತಿ ಹೆಸರು ಹೇಳಿ, ಚೀಟಿಯಲ್ಲೂ ಹಾಗೆಯೇ ಬರೆಸಿ. 2019ರ ಯುರೋಪಿಯನ್ ಮಾರ್ಗಸೂಚಿಯ ಪ್ರಕಾರ ಹೆಚ್ಚಿನ ಅಪಾಯದ ಗುಂಪಿನವರಿಗೆ ಎಲ್‌ಡಿಎಲ್ 70ಕ್ಕಿಂತ, ನಾನ್-ಎಚ್‌ಡಿಎಲ್ 100ಕ್ಕಿಂತ, ಅಪೋಬಿ 80ಕ್ಕಿಂತ ಕೆಳಗಿರಬೇಕು. ಸಕ್ಕರೆ ಕಾಯಿಲೆಯ ಜೊತೆಗೆ ಅಪಾಯದ ಬೇರೆ ಲಕ್ಷಣಗಳೂ ಇರುವ ನೀವು ಆ ಗುಂಪಿಗೆ ಸೇರುತ್ತೀರಿ. ನಿಮ್ಮ 142 ಆ ಗುರಿಯಿಂದ ದೂರವಿದೆ, ಅದೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ.

ಸ್ಟಾಟಿನ್ ನಿಲ್ಲಿಸಿದ್ದರ ಬಗ್ಗೆ ನನಗಿರುವ ಕಳವಳಕ್ಕೆ ಇದೇ ಕಾರಣ. 92 ಬಂದದ್ದು ಮಾತ್ರೆಯ ದೆಸೆಯಿಂದ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಕಣಗಳ ಸಂಖ್ಯೆ ಹಿಂದಿನ ಮಟ್ಟಕ್ಕೆ ಏರುತ್ತದೆ. 2004ರಲ್ಲಿ ಪ್ರಕಟವಾದ ಕಾರ್ಡ್ಸ್ ಎಂಬ ಅಧ್ಯಯನದಲ್ಲಿ, ಎರಡನೇ ಬಗೆಯ ಸಕ್ಕರೆ ಕಾಯಿಲೆ ಇದ್ದರೂ ಅದುವರೆಗೆ ಹೃದ್ರೋಗ ಕಾಣಿಸಿಕೊಂಡಿರದ, ಎಲ್‌ಡಿಎಲ್ ತೀರಾ ಹೆಚ್ಚೇನೂ ಇರದ 2838 ಮಂದಿಯ ಪೈಕಿ ಒಂದು ಗುಂಪಿಗೆ ನಿಮ್ಮದೇ ಮಾತ್ರೆಯನ್ನು, ನಿಮ್ಮದೇ 10 ಮಿಲಿಗ್ರಾಂ ಪ್ರಮಾಣದಲ್ಲಿ ಕೊಡಲಾಗಿತ್ತು. ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಅನಾಹುತಗಳು ಆ ಗುಂಪಿನಲ್ಲಿ ಶೇ. 37ರಷ್ಟು ಕಡಿಮೆಯಾದವು; ಪ್ರಯೋಜನ ಅಷ್ಟು ಸ್ಪಷ್ಟವಾಗಿದ್ದುದರಿಂದ ಅಧ್ಯಯನವನ್ನು ಸುಮಾರು ಎರಡು ವರ್ಷ ಮೊದಲೇ ಮುಗಿಸಲಾಯಿತು. ಮಾತ್ರೆಯನ್ನು ಮತ್ತೆ ಶುರುಮಾಡುವುದು, ಪ್ರಮಾಣ ಹೆಚ್ಚಿಸುವುದು, ಎಷ್ಟು ದಿನಕ್ಕೆ ಮರುಪರೀಕ್ಷೆ ಎಂಬುದನ್ನೆಲ್ಲ ನಿಮ್ಮನ್ನು ಕಣ್ಣಾರೆ ನೋಡುವ ವೈದ್ಯರು ತೀರ್ಮಾನಿಸಬೇಕು. ಮೈಕೈ ನೋವಿನಂಥ ತೊಂದರೆ ಇದ್ದು ನಿಲ್ಲಿಸಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಬೇರೆ ದಾರಿಗಳಿವೆ.

ಅಂಟಿದ ಸಕ್ಕರೆಯನ್ನು ಬಿಡಿಸುವ ಔಷಧಿಯಾಗಲಿ ಕಷಾಯವಾಗಲಿ ಇಲ್ಲ. ಹಾಗೆಂದು ಮಾರುವವರನ್ನು ನಂಬಬೇಡಿ. ಬಿಡಿಸುವ ಅಗತ್ಯವೂ ಇಲ್ಲ, ಏಕೆಂದರೆ ಕಣವೇ ಕೆಲವು ದಿನಗಳಲ್ಲಿ ರಕ್ತದಿಂದ ಹೊರಹೋಗಿ ಅದರ ಜಾಗಕ್ಕೆ ಹೊಸದು ಬರುತ್ತದೆ. ಊಟದ ನಂತರ ಸಕ್ಕರೆ ಏರುವುದನ್ನು ಹಿಡಿತಕ್ಕೆ ತಂದರೆ ಹೊಸ ಕಣಗಳಿಗೆ ಅಂಟುವುದು ಆ ವಾರದಿಂದಲೇ ಕಡಿಮೆಯಾಗುತ್ತದೆ. ಎಚ್‌ಬಿಎ1ಸಿಯಲ್ಲಿ ಅದು ಪೂರ್ತಿ ಕಾಣಿಸಲು ಮಾತ್ರ ಮೂರು ತಿಂಗಳು ಬೇಕು. ಕುಚ್ಚಲಕ್ಕಿಯ ಅನ್ನವಾದರೂ ಬಟ್ಟಲಿನ ಅಳತೆ ಮೀರಿದರೆ ಸಕ್ಕರೆ ಏರಿಯೇ ಏರುತ್ತದೆ. ದಿನವಿಡೀ ಗಲ್ಲಾದ ಹಿಂದೆ ಕೂರಬೇಕಾದ ನಿಮಗೆ ಊಟವಾದ ಮೇಲೆ ಅರ್ಧ ಗಂಟೆ ನಡೆಯುವುದರಿಂದ ಟ್ರೈಗ್ಲಿಸರೈಡೂ ಇಳಿಯಬಹುದು.

ನಿಮ್ಮ ತಮ್ಮನಿಗೆ ಈ ಯಾವ ವಿಶೇಷ ಪರೀಕ್ಷೆಯೂ ಬೇಡ. ಅಣ್ಣನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ವರ್ಷಕ್ಕೊಮ್ಮೆ ಸಕ್ಕರೆ ಮತ್ತು ರಕ್ತದೊತ್ತಡ ನೋಡಿಸಿಕೊಂಡರೆ ಸಾಕು.

ಮುಂದೆ ಎಂದಾದರೂ ಯಾವುದಾದರೂ ವೈದ್ಯಕೀಯ ಕಾಲೇಜಿನ ಸಂಶೋಧನೆಗೆಂದು ನಿಮ್ಮನ್ನು ಕರೆದು, ಸಕ್ಕರೆ ಅಂಟಿದ ಎಲ್‌ಡಿಎಲ್ ಅಳೆಯಲು ರಕ್ತ ಕೇಳಿದರೆ ಸಂತೋಷದಿಂದ ಕೊಡಿ. ಒಪ್ಪಿತ ಮಾನದಂಡ ಹುಟ್ಟುವುದು ಅಂಥ ಅಧ್ಯಯನಗಳಿಂದಲೇ. ಆದರೆ ಸಹಿ ಹಾಕುವ ಮೊದಲು ಅದಕ್ಕೆ ನೈತಿಕ ಸಮಿತಿಯ ಅನುಮತಿ ಇದೆಯೇ ಎಂದು ಕೇಳಿ, ಪರೀಕ್ಷೆಗೆ ನಿಮ್ಮಿಂದ ಹಣ ಪಡೆಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ, ಮತ್ತು ಅಲ್ಲಿ ಬಂದ ಅಂಕಿಯನ್ನು ನೋಡಿ ಮನೆಯಲ್ಲಿ ಯಾವ ಮಾತ್ರೆಯನ್ನೂ ಬದಲಿಸಬೇಡಿ.